ಕಣಿವೆಯ ಹಾಜರಿ

“ಗುರುಗಳೇ, ಮಾಡದ ತಪ್ಪಿಗೆ ಕೆಲಸ ಕಳೆದುಕೊಂಡೆ. ಆ ದಿನ ನಾನು ಕಚೇರಿಯಲ್ಲಿ ಇರಲೇ ಇಲ್ಲ. ಇದು ಯಾವ ನ್ಯಾಯ?” ಎಂದು ಶಿಷ್ಯ ಕೇಳಿದ. ಮಠಕ್ಕೆ ಬಂದಂದಿನಿಂದ ಅವನದು ಇದೊಂದೇ ರಾಗ. ಗುರುಗಳು ಕತೆ ಹೇಳಿದರು.

ತುರ್ಕರ ನಾಡಿನಲ್ಲಿ ಒಬ್ಬ ಸೇನಾಧಿಪತಿಯಿದ್ದ. ಸಿಪಾಯಿಯಾಗಿ ಸೇರಿ, ಎದೆ ತುಂಬ ಪದಕ ಹೊತ್ತು ನಿವೃತ್ತನಾದವನು. ಒಮ್ಮೆ ಗಡಿಯ ಕಣಿವೆಯಲ್ಲಿ, ಕೈಕೆಳಗಿನವರು ಬೇಡವೆಂದರೂ ಕೇಳದೆ, ನಲವತ್ತು ಸಿಪಾಯಿಗಳನ್ನು ಹಿಮಗಾಳಿಗೆ ಅಟ್ಟಿದ್ದ. ಒಬ್ಬನೂ ಮರಳಲಿಲ್ಲ. ತಾನು ಆ ದಿನ ರಾಜಧಾನಿಯಲ್ಲಿದ್ದೆನೆಂದೂ ಅವರು ಸೈನ್ಯ ಬಿಟ್ಟು ಓಡಿಹೋದರೆಂದೂ ವರದಿ ಬರೆದ.

ಆ ಸೈನ್ಯದಲ್ಲೊಂದು ಪದ್ಧತಿ. ಹಾಜರಿ ಕರೆಯುವಾಗ ಮಡಿದವರ ಹೆಸರನ್ನೂ ಕೂಗುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಒಂದೇ ದನಿಯಲ್ಲಿ “ನಮ್ಮ ಜೊತೆಗಿದ್ದಾನೆ” ಎನ್ನುತ್ತಾರೆ. ಓಡಿಹೋದವರೆನಿಸಿದ ಆ ನಲವತ್ತು ಜನರ ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ.

ವರ್ಷಗಳು ಕಳೆದವು. ಸರ್ಕಾರ ಬದಲಾಯಿತು. ಆ ನಲವತ್ತು ಜನ ಮಡಿದ ದಿನವೇ ರಾಜಧಾನಿಯಲ್ಲಿ ಸಂಚು ನಡೆಸಿದನೆಂದು, ಈಗ ಮುದುಕನಾಗಿದ್ದ ಸೇನಾಧಿಪತಿಯ ಮೇಲೆ ಮೊಕದ್ದಮೆ ಬಿತ್ತು. ಸಂಚಿನ ಗಂಧಗಾಳಿಯೂ ಅವನಿಗೆ ಗೊತ್ತಿರಲಿಲ್ಲ. ಆದರೆ ಅಲ್ಲಿದ್ದನೆಂದು ಅವನದೇ ವರದಿ ಹೇಳುತ್ತಿತ್ತು. ಕಣಿವೆಯಲ್ಲಿದ್ದೆ ಎಂದರೆ ಈ ಕೇಸಿನಿಂದ ಬಿಡುಗಡೆ, ಆದರೆ ನಲವತ್ತು ಸಾವು ತಲೆಗೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಯ ವಿಚಾರಣೆಯ ದಿನ ಗುಮಾಸ್ತ ಅವನ ಹೆಸರು ಕೂಗಿದ. ಅವನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದೆ ಎಳೆಯ ದನಿಗಳು ಒಟ್ಟಾಗಿ ಹೇಳಿದವು: “ನಮ್ಮ ಜೊತೆಗಿದ್ದಾನೆ.”

ಬೇರೆ ಯಾರೂ ತಲೆ ಎತ್ತಲಿಲ್ಲ. ಅವನು ತಿರುಗಿ ನೋಡಿದ. ಬೆಂಚುಗಳು ಖಾಲಿ. ಹೊರಗೆ ಸುಡುವ ಬಿಸಿಲು. ಬೆಂಚುಗಳ ಕೆಳಗೆ ಸಾಲಾಗಿ ಒದ್ದೆ ಬೂಟಿನ ಗುರುತುಗಳು. ಅವನಿಗೆ ಅರ್ಥವಾಯಿತು: ಕಣಿವೆಯ ಹುಡುಗರು ಸಾಕ್ಷಿ ಹೇಳಲು ಬಂದಿದ್ದಾರೆ. ತನ್ನನ್ನು ಉಳಿಸಲು ಬಂದಿದ್ದಾರೆ.

“ಆ ದಿನ ಎಲ್ಲಿದ್ದಿರಿ?” ಎಂದು ನ್ಯಾಯಾಧೀಶರು ಕೇಳಿದರು.

ಕುತ್ತಿಗೆಯ ಹಿಂದೆ ತಣ್ಣನೆಯ ಉಸಿರು ಕಾಯುತ್ತಿತ್ತು.

“ರಾಜಧಾನಿಯಲ್ಲಿ,” ಎಂದ.

ಜೀವಾವಧಿ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ದಿನವೂ ಹಾಜರಿ ಕೂಗುತ್ತಾರೆ. ಅವನ ಹೆಸರು ಬಂದಾಗ ಇಂದಿಗೂ ಅವನಿಗಿಂತ ಮೊದಲು ಅವರೇ ಉತ್ತರಿಸುತ್ತಾರೆ. ಅವನೊಬ್ಬನಿಗೆ ಅದು ಕೇಳಿಸುತ್ತದೆ.

ಶಿಷ್ಯ ನಿಟ್ಟುಸಿರುಬಿಟ್ಟ. “ಪಾಪ, ಅವನೂ ನನ್ನ ಹಾಗೆಯೇ. ಮಾಡದ ತಪ್ಪಿಗೆ ಶಿಕ್ಷೆ.”

“ಹೌದಪ್ಪಾ. ಕಚೇರಿಯಲ್ಲಿ ಇರಲಿಲ್ಲ ಎನ್ನುತ್ತೀಯಲ್ಲ, ಆ ದಿನ ನೀನು ಎಲ್ಲಿದ್ದೆ?”