ಮೇದದ್ದು ಆನೆಯೋ ಕತ್ತೆಯೋ

ಶಂಭುದೇವ ಪಂಡಿತರು ಕಲ್ಲಗೆರೆ ರಾಜ್ಯಕ್ಕೆ ನ್ಯಾಯಾಧಿಕಾರಿಯಾಗಿ ಬಂದಾಗ ಎರಡು ಗಾಡಿ ತುಂಬ ಒಂದೇ ಗ್ರಂಥ ತಂದಿದ್ದರು. ಮನುಷ್ಯ ಮಾಡಬಹುದಾದ ತಪ್ಪುಗಳನ್ನೆಲ್ಲ ಅವರ ಸೀಮೆಯವರು ಅದರಲ್ಲಿ ಮೊದಲೇ ಬರೆದಿಟ್ಟಿದ್ದರು. ಜನ ಮಾಡುವುದಷ್ಟೇ ಬಾಕಿ.

"ನಿಮ್ಮ ಕಾನೂನಿನ ಗ್ರಂಥ ಕೊಡಿಸಿ ಮಹಾಸ್ವಾಮಿ, ಮೂರು ದಿನದಲ್ಲಿ ಬಾಯಿಪಾಠ ಒಪ್ಪಿಸುತ್ತೇನೆ," ಎಂದರು.

ದೊರೆ ಮೀಸೆ ತಿರುವಿದ. ಇಲ್ಲಿ ಗ್ರಂಥವೇ ಇಲ್ಲ, ಹಿಂದೆ ಕೊಟ್ಟ ತೀರ್ಪೇ ಮುಂದಿನದಕ್ಕೂ ಕಾನೂನು, ಅದಕ್ಕೆ ಎಲ್ಲರೂ ತಲೆಬಾಗಬೇಕು ಎಂದ.

"ತಾವೂ?" ಎಂದು ಕೇಳಿದ ಬೊಮ್ಮರಸ. ಹಳೆಯ ತೀರ್ಪಿನ ಓಲೆಗಳನ್ನು ಕಾಯುವುದು ಅವನ ಕೆಲಸ.

"ನಾನೇ ಮೊದಲು."

ಪರಸೀಮೆಯವರ ಮುಂದೆ ದೊರೆ ಇನ್ನೇನು ಹೇಳಿಯಾನು?

ಮಾರನೆಯ ದಿನ ಅಗಸರ ಕೆಂಚವ್ವನನ್ನು ಎಳೆದುತಂದರು. ಅವಳ ಕತ್ತೆ ಅರಮನೆಯ ಸೇವಂತಿಗೆ ತೋಟವನ್ನು ಬುಡದವರೆಗೆ ಮೇದಿತ್ತು. ಪಂಡಿತರಿಗೆ ಹುರುಪು ಬಂತು. ಕತ್ತೆಗಳಿಗೆಂದೇ ಅವರ ಗ್ರಂಥದಲ್ಲಿ ನಲವತ್ತೊಂದು ವಿಧಿಗಳಿದ್ದವು. ಮೇದ ಪ್ರಾಣಿ ತೋಟದ ಒಡೆಯನಿಗೆ ಸೇರತಕ್ಕದ್ದು ಎಂದು ಓದಿದರು. ಗ್ರಂಥವೂ ಅಷ್ಟೇನೂ ಕೆಟ್ಟದ್ದಲ್ಲ ಎಂದು ದೊರೆಗೆ ಆಗಲೇ ಅನ್ನಿಸಿತು.

"ಊರಿನ ಬಟ್ಟೆಯೆಲ್ಲ ಅದರ ಬೆನ್ನ ಮೇಲೇ ಹೊಳೆಗೆ ಹೋಗೋದು ಬುದ್ದಿ," ಎಂದಳು ಕೆಂಚವ್ವ. "ಅದು ಹೋದ್ರೆ ನನ್ನ ಒಲೆ ಆರಿದಂಗೆ."

ಬೊಮ್ಮರಸ ಏಳು ವರ್ಷದ ಹಿಂದಿನ ಓಲೆ ಬಿಚ್ಚಿದ. ಅರಮನೆಯ ಆನೆ ರೈತ ನಿಂಗಯ್ಯನ ಕಬ್ಬಿನ ಗದ್ದೆ ಮೇದಾಗ ದೊರೆ ಕೊಟ್ಟ ತೀರ್ಪು ಅದರಲ್ಲಿತ್ತು: ಹಸಿದ ಬಾಯಿಗೆ ಬೇಲಿ ಕಾಣದು, ಬೇಲಿ ಭದ್ರ ಮಾಡದ್ದು ಬೆಳೆದವನ ತಪ್ಪು.

"ಅದು ಆನೆ ಕಣಯ್ಯಾ, ಇದು ಕತ್ತೆ," ಎಂದ ದೊರೆ.

"ತೀರ್ಪು ಆನೆಯ ಮೇಲೆ ನಿಂತಿಲ್ಲ ಪ್ರಭು, ಹಸಿವಿನ ಮೇಲೆ ನಿಂತಿದೆ. ಸೊಂಡಿಲಿಗೊಂದು ಹಸಿವು, ಗೊರಸಿಗೊಂದು ಹಸಿವು ಎಂದು ತಾವು ಅಂದು ಹೇಳಲಿಲ್ಲ. ಹಳೆಯದು ಬೇಡ, ಪಂಡಿತರ ವಿಧಿಯೇ ಇರಲಿ ಎನ್ನುವಿರಾದರೆ ಅದನ್ನೇ ಬರೆದುಕೊಳ್ಳುತ್ತೇನೆ. ನಿಂಗಯ್ಯ ಹಗ್ಗ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ, ಆನೆ ಹೊಡೆದುಕೊಂಡು ಹೋಗಲು."

ದೊರೆ ಕತ್ತು ಚಾಚಿ ನೋಡಿದ. ಹಗ್ಗ ಸಾಕಷ್ಟು ದಪ್ಪವಾಗಿಯೇ ಇತ್ತು. ಅವನಿಗೆ ನಗು ತಡೆಯಲಿಲ್ಲ. ಕತ್ತೆ ಕೆಂಚವ್ವನ ಜೊತೆ ಹೊಳೆಗೆ ಹೋಯಿತು. ಅರಮನೆಯ ಆಳುಗಳು ಬೇಲಿ ಕಟ್ಟಲು ಹೋದರು.

ಪಂಡಿತರು ಗ್ರಂಥ ಮುಚ್ಚಿ ಬೊಮ್ಮರಸನ ಪಕ್ಕಕ್ಕೆ ಸರಿದರು. "ಹಾಗಾದರೆ ನಿಮ್ಮ ಕಾನೂನನ್ನು ನಾನು ಕಲಿಯುವುದು ಹೇಗಪ್ಪಾ?"

"ಸುಲಭ ಸ್ವಾಮಿ. ಪ್ರಜೆ ಮುಂದೆ ಮಾಡಬಹುದಾದ ತಪ್ಪುಗಳನ್ನು ನೀವು ಬರೆದಿಡುತ್ತೀರಿ. ದೊರೆ ಹಿಂದೆ ನುಣುಚಿಕೊಳ್ಳಲು ಹೇಳಿದ ನೆಪಗಳನ್ನು ನಾವು ಬರೆದಿಡುತ್ತೇವೆ."