ಕಣ್ಣು ಬರೆಯದ ಕೊಕ್ಕರೆ

ಕಾಲು ಹೊದಿಕೆ ಒಳಗೆ ಎಳ್ಕೊ, ಹೂಂಗುಟ್ಟು, ಇಲ್ಲಾಂದ್ರೆ ಕತೆ ನಿಲ್ಲಿಸ್ಬಿಡ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಒಬ್ಬ ರಾಜ ಇದ್ನಂತೆ. ಅವನಿಗೆ ತನ್ನ ಸೀಮೆಯ ಹಕ್ಕಿಗಳನ್ನೆಲ್ಲಾ ಇದ್ದದ್ದು ಇದ್ದ ಹಾಗೆ ಬರೆಸಿ ಪುಸ್ತಕ ಮಾಡಿಸೋ ಹುಚ್ಚು. ಅರಮನೆ ಚಿತ್ರಗಾರ ಸಿಂಗಾಚಾರಿ ಗಿಳಿ, ಗೊರವಂಕ ಎಲ್ಲಾ ಬರೆದು ಮುಗಿಸಿದ್ನಂತೆ, ಬಣ್ಣದ ಕೊಕ್ಕರೆ ಒಂದು ಉಳಿದಿತ್ತು, ಅಷ್ಟರಲ್ಲಿ ಅವನ ಕಣ್ಣು ಮಂಜಾಯ್ತಂತೆ. ಆಮೇಲೆ ತನ್ನ ಮೂರು ಜನ ಹೆಣ್ಮಕ್ಕಳನ್ನ ಕರೆದು, ಅದನ್ನ ನೀವು ಬರೀರಮ್ಮಾ ಅಂದ.

ದೊಡ್ಡವಳು ಯಾವುದೋ ಕೆರೇಲಿ ಒಂದು ಕೊಕ್ಕರೆ ಹೊಡೆಸಿ, ಹಲಗೆ ಮೇಲೆ ಮಲಗಿಸ್ಕೊಂಡು ಬರೆದಳಂತೆ. ಬರೆಯೋ ಹೊತ್ತಿಗೆ ಹಕ್ಕಿ ಮುಖದ ಬಣ್ಣವೇ ಇಳಿದುಹೋಗಿತ್ತು. ಇದು ಸತ್ತಿದೆಯಲ್ಲಮ್ಮ ಅಂದ ರಾಜ. ನಡುವಿನವಳು ಬಲೆ ಹಾಕಿ ಹಿಡಿಸಿ, ಕಾಲಿಗೆ ದಾರ ಕಟ್ಟಿ ಬರೆದಳು. ಅದು ಮೀನು ಮುಟ್ಟದೆ ಕತ್ತು ಜೋಲು ಹಾಕ್ಕೊಂಡು ನಿಂತಿತ್ತು, ಚಿತ್ರಾನೂ ಹಾಗೇ ಬಂತು. ಇದೇನು, ಅರ್ಜಿ ಹಿಡ್ಕೊಂಡು ನನ್ನ ಬಾಗಿಲಿಗೆ ಬಂದವರ ಥರಾ ಇದೆ ಅಂದನಂತೆ.

ಕೊನೆಯವಳು ಸೀಬಮ್ಮ. ಅವಳು ಕೊಕ್ಕರೆ ಗೂಡು ಕಟ್ಟೋ ಒಂದು ಊರಿಗೆ ಹೋದಳಂತೆ. ಆ ಊರಿನವರಿಗೆ ಅವು ತವರಿಗೆ ಬಾಣಂತನಕ್ಕೆ ಬಂದ ಹೆಣ್ಮಕ್ಕಳು, ಒಬ್ಬರೂ ಕಲ್ಲೆಸೀತಿರಲಿಲ್ಲ. ಇವಳು ಹುಣಸೆಮರದ ಕೆಳಗೆ ಒಂದು ತಿಂಗಳು ಕೂತಳು. ಸೀರೆ ತುಂಬಾ ಹಿಕ್ಕೆ. ನಗ್ಬೇಡ, ನಿನ್ನ ಮೇಲೆ ಬಿದ್ದಿದ್ರೆ ಗೊತ್ತಾಗ್ತಿತ್ತು. ರೆಕ್ಕೆ, ಕೊಕ್ಕು, ಬಾಲದ ಹತ್ತಿರದ ಗುಲಾಬಿ ಗರಿ ಎಲ್ಲಾ ಬರೆದಳು. ಚಿತ್ರಗಾರರು ಕಣ್ಣನ್ನ ಕಡೇಲಿ ಇಡೋದು. ಆ ಕಣ್ಣು ಮಾತ್ರ ಅಷ್ಟೆತ್ತರಕ್ಕೆ ಕಾಣಲಿಲ್ಲ. ಮರ ಹತ್ತಿದ್ರೆ ತಾಯಿ ಹಾರಿಹೋಗುತ್ತೆ, ಮರಿ ಕಾಗೆ ಪಾಲಾಗುತ್ತೆ. ಅಕ್ಕಂದಿರು ಕಂಡಿದ್ದು ಒಂದು ಸತ್ತ ಕಣ್ಣು, ಒಂದು ಹಸಿದ ಕಣ್ಣು, ಮರಿ ಕಾಯೋ ಕಣ್ಣು ಅದಲ್ಲ ಅಂತ ಜಾಗ ಖಾಲಿ ಬಿಟ್ಟು ತಂದಳಂತೆ.

ರಾಜನಿಗೆ ಸಿಟ್ಟು ನೆತ್ತಿಗೇರ್ತು. ಕಣ್ಣಿಲ್ಲದ ಚಿತ್ರ ಅರಮನೆಗೆ ಅಪಶಕುನ, ಮೂರು ದಿನದಲ್ಲಿ ಕಣ್ಣು ಇಡು, ಇಲ್ಲಾಂದ್ರೆ ಆ ಮರದ ಹಕ್ಕಿಗಳನ್ನೆಲ್ಲಾ ಕೆಡವಿಸಿ ನಿನ್ನ ಮುಂದೆ ಸುರಿಸ್ತೀನಿ, ಹತ್ತಿರದಿಂದ ನೋಡ್ಕೊಂಡು ಬರಿ ಅಂದ. ಅಪ್ಪ ಕಿವೀಲಿ, ಒಂದು ಚುಕ್ಕೆ ಇಟ್ಬಿಡೇ ತಾಯಿ, ಯಾರಿಗೆ ಗೊತ್ತಾಗುತ್ತೆ ಅಂದನಂತೆ. ಅವಳು ಯೋಚಿಸಿದಳು. ಚುಕ್ಕೆ ಇಟ್ರೆ ಹಕ್ಕಿ ಉಳಿಯುತ್ತೆ, ಆದ್ರೆ ಕಾಣದ್ದನ್ನ ಕಂಡೆ ಅಂದ ಹಾಗಾಗುತ್ತೆ, ಮುಂದೆ ಹುಟ್ಟೋರೂ ಆ ಸುಳ್ಳನ್ನೇ ನಂಬ್ತಾರೆ. ಮೂರನೇ ದಿನ ಹೋಗಿ, ಸ್ವಾಮಿ, ನೀವೇ ಬಂದು ನೋಡಿ, ನೀವು ಕಂಡ ಕಣ್ಣು ಇಡ್ತೀನಿ ಅಂದಳು.

ಆಮೇಲೆ ರಾಜ ಬಂದ, ಸುಡೋ ಮಧ್ಯಾಹ್ನ, ಮೇಲೊಂದು ಛತ್ರಿ. ಗೂಡಲ್ಲಿ ತಾಯಿಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ ನಿಂತಿತ್ತಂತೆ. ಬಾಯಿ ಒಣಗಿ ಕೊಕ್ಕು ತೆರೆದಿದ್ರೂ ಕದಲಲಿಲ್ಲ. ಮರಿಗಳು ಅದರ ನೆರಳಲ್ಲಿ ನಿದ್ದೆ. ಸೂರ್ಯ ವಾಲಿದ ಹಾಗೆಲ್ಲಾ ಅದೂ ತಿರುಗ್ತಿತ್ತು. ರಾಜ ಛತ್ರಿಯವನನ್ನ ಆಚೆ ಕಳಿಸಿ, ಬಿಸಿಲಿಳಿಯೋವರೆಗೂ ಆ ರೆಕ್ಕೆ ನೆರಳನ್ನೇ ನೋಡ್ತಾ ನಿಂತ.

ಸೀಬಮ್ಮ ಕುಂಚ ಹಿಡ್ಕೊಂಡು, ಕಣ್ಣು ಯಾವ ಬಣ್ಣ ಸ್ವಾಮಿ ಅಂತ ಕೇಳಿದಳು.

ನೋಡೋದೇ ಮರೆತೆ ಕಣಮ್ಮ ಅಂದನಂತೆ ರಾಜ.

ಆ ಮರದ ತಂಟೆಗೆ ಯಾರೂ ಹೋಗಬಾರದು ಅಂತ ಅಲ್ಲೇ ಡಂಗುರ ಹೊಡೆಸಿದ. ಸೀಬಮ್ಮನೇ ಅರಮನೆ ಚಿತ್ರಗಾರ್ತಿ ಆದಳು. ಚಿತ್ರ ಹಾಗೇ ಪುಸ್ತಕ ಸೇರ್ತು, ಕೆಳಗೆ ರಾಜ ಬರೆಸಿದ್ದು ಇಷ್ಟೇ ಅಂತೆ: ಕಣ್ಣು ಬೇಕಾದವರು ಮರದ ಕೆಳಗೆ ಹೋಗಿ ನಿಂತು ನೋಡ್ಕೊಳ್ಳಿ. ಕೊಕ್ಕರೆ ಗೂಡಿಗೆ, ನೀನು ದಿಂಬಿಗೆ, ನನ್ನ ಕತೆ ಇಲ್ಲಿಗೆ ಮುಗೀತು.