ಸಸಿತೋಟದ ಕೆಂಚ ಒಗಟು ಬಿಡಿಸಿದ್ದು

“ತೊರೆಸಾಲಿನ ದೊರೆ ಮಲ್ಲಿಭೂಪರ ಅಪ್ಪಣೆ, ಎಲ್ಲರೂ ಕೇಳಿ. ಕುಮಾರಿ ಪದ್ಮಲೆ ಹಾಕುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಮೇಲೆ ಬೇಡಿದ್ದು ಉಡುಗೊರೆ. ತಪ್ಪು ಹೇಳಿದವನಿಗೆ ಸೆರೆ, ಅಮಾವಾಸ್ಯೆ ಕಳೆದ ಬೆಳಗ್ಗೆ ತಲೆದಂಡ.”

ಡಂಗುರದವನು ಹೀಗೆ ಬೀದಿ ಬೀದಿ ಸಾರಿಕೊಂಡು ಹೋದ. ಕೇಳಿದೊಡನೆ ಅರಮನೆಗೆ ಓಡಿದವರಲ್ಲಿ ಗಾಡಿ ಹೊಡೆಯುವ ಬೋರಣ್ಣನೂ ಒಬ್ಬ. ತಮ್ಮ ಕೆಂಚ ಎಷ್ಟು ಬೇಡವೆಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಗೆ ಎತ್ತುಗಳು ಮಾತ್ರ ಮನೆಗೆ ಬಂದವು.

ಕೆಂಚ ಅರಮನೆಯ ಸಸಿತೋಟದಲ್ಲಿ ಆಳು. ಅಪ್ಪ ಅವ್ವ ಹೋದ ಮೇಲೆ ಅವನನ್ನು ಸಾಕಿದವನು ಈ ಅಣ್ಣನೇ. ಅಣ್ಣ ಸೆರೆ ಸೇರಿದಾಗಿನಿಂದ ಕೆಂಚನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ನೀರುಣಿಸಿದ ಮಡಿಗೇ ಮತ್ತೆ ನೀರು ಹೊತ್ತು ತರುತ್ತಿದ್ದ. ಮಾವಿನ ಕಸಿ ಕಟ್ಟಲು ಕೂತರೆ ಚೂರಿ ಜಾರಿ ಬೆರಳು ಕುಯ್ಯುತ್ತಿತ್ತು. ಕಟ್ಟಿದ ಕಸಿಯಲ್ಲಿ ಒಂದೂ ಹತ್ತಲಿಲ್ಲ. ಒಗಟುಗಳು ಎಂಥವೆಂದು ಯಾರನ್ನಾದರೂ ಕೇಳೋಣವೆಂದರೆ, ಸಭೆಯವರು ಬಾಯಿ ಬಿಡುವಂತಿರಲಿಲ್ಲ, ಬಿಡಿಸಲು ಹೋದವರಾರೂ ಹೊರಗೆ ಬಂದಿರಲಿಲ್ಲ.

ಅಮಾವಾಸ್ಯೆಯ ಹಗಲು ಅವನಿಂದ ತಡೆಯಲಾಗಲಿಲ್ಲ. ಕೈಯ ಮಣ್ಣು ತೊಳೆದು, ಇದ್ದ ಬಟ್ಟೆಯಲ್ಲೇ ಅರಮನೆಯ ಮೆಟ್ಟಿಲು ಹತ್ತಿದ. ಬಾಗಿಲು ಕಾಯುವವನು, ನಿಮ್ಮನೆಯಿಂದ ಒಂದು ತಲೆ ಸಾಲದೇನೋ ಎಂದು ಗೊಣಗುತ್ತಲೇ ಒಳಗೆ ಬಿಟ್ಟ.

ಅಂದು ಇನ್ನಿಬ್ಬರು ಬಂದಿದ್ದರು. ಒಬ್ಬ ಬಡಗಣ ನಾಡಿನ ಯುವರಾಜ, ಇನ್ನೊಬ್ಬ ರೇಷ್ಮೆ ವ್ಯಾಪಾರಿ. ಮೊದಲು ಬಾಯಿ ತೆರೆದವನ ಉತ್ತರವನ್ನೇ ಮೊದಲು ಕೇಳುವುದು, ಅದು ತಪ್ಪಾದರೆ ಮಾತ್ರ ಉಳಿದವರ ಸರದಿ ಎಂದು ಮಂತ್ರಿ ತಿಳಿಸಿದ. ಪದ್ಮಲೆ ತಂದೆಯ ಪಕ್ಕದಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ತಲೆ ತೆಗೆಯುವ ಮಾತು ಸೇರಿಸಿದ್ದು ಅರಸನಂತೆ. ಅವಳು ಎಷ್ಟು ಅತ್ತರೂ ಅವನು ಹಿಂದೆಗೆಯಲಿಲ್ಲವಂತೆ.

“ಅವನಿಗೆ ಇಬ್ಬರು ತಾಯಂದಿರು,” ಎಂದಳು ಪದ್ಮಲೆ. “ಒಬ್ಬಳು ಕಾಲು ಕೊಟ್ಟಳು, ಒಬ್ಬಳು ತಲೆ ಕೊಟ್ಟಳು. ಗಾಯದಲ್ಲೇ ಅವನ ಹುಟ್ಟು. ಜೀವಮಾನವಿಡೀ ಉಣಿಸುವವಳು ಕಾಲು ಕೊಟ್ಟವಳು, ಹೆಸರು ಮಾತ್ರ ತಲೆ ಕೊಟ್ಟವಳದು. ಯಾರವನು?”

ಯುವರಾಜ ತಡಮಾಡದೆ, ಇಬ್ಬರು ತಾಯಂದಿರ ಹೊಟ್ಟೆಯಲ್ಲಿ ಹೋಳುಹೋಳಾಗಿ ಹುಟ್ಟಿದ ಜರಾಸಂಧ ಎಂದ. ಜರಾಸಂಧನ ಹೋಳುಗಳು ಉದ್ದಕ್ಕೆ, ತಲೆಯಿಂದ ಕಾಲಿನವರೆಗೆ ಎಂದು ಪದ್ಮಲೆ ಮೆಲ್ಲಗೆ ಹೇಳಿದಳು. ಭಟರು ಅವನನ್ನು ಕರೆದೊಯ್ದರು.

ಕೆಂಚ ಮುಂದೆ ಬಂದ. “ಕಸಿ ಗಿಡ, ಅಮ್ಮಣ್ಣಿ. ಕಾಟು ಮಾವಿನ ಬುಡ ಸೀಳಿ ಒಳ್ಳೆ ಜಾತಿಯ ಕಡ್ಡಿ ಕೂರಿಸುತ್ತೇವೆ. ಬೇರು ಕಾಟಿನದು, ಹಣ್ಣಿಗೆ ಹೆಸರು ಕಡ್ಡಿಯದು.”

ಪದ್ಮಲೆಯ ಬೆರಳು ನಿಂತಿತು. ಹೌದೆಂದು ತಲೆಯಾಡಿಸಿ ಎರಡನೆಯದಕ್ಕೆ ಬಂದಳು. “ಒಬ್ಬನನ್ನು ಪುಟ್ಟ ಮನೆಯೊಂದರಲ್ಲಿ ಇಟ್ಟರು. ಹೊತ್ತುಹೊತ್ತಿಗೆ ಬೇಕಾದ್ದೆಲ್ಲ ಬರುತ್ತದೆ. ಆದರೂ ಅವನು ದಾರಿ ಹುಡುಕುತ್ತ ಗೋಡೆಗುಂಟ ಸುತ್ತುತ್ತಾನೆ, ಸುತ್ತಿ ಸುತ್ತಿ ತನಗೆ ತಾನೇ ಉರುಲಾಗುತ್ತಾನೆ. ಮನೆ ಒಡೆದರೆ ಬದುಕಿಯಾನು.”

ವ್ಯಾಪಾರಿಗೆ ಸಂಶಯವೇ ಇರಲಿಲ್ಲ; ಗೂಡಿನೊಳಗಿನ ರೇಷ್ಮೆ ಹುಳು ಎಂದ. ಆ ಗೂಡು ಹುಳುವೇ ಕಟ್ಟಿಕೊಂಡದ್ದಲ್ಲವೇ ಎಂದು ಪದ್ಮಲೆ ಕೇಳಿದಾಗ ಅವನ ಮುಖ ಬಿಳಿಚಿತು. ಅವನನ್ನೂ ಕರೆದೊಯ್ದರು.

“ಕುಂಡದಲ್ಲೇ ಬಹಳ ಕಾಲ ಬಿಟ್ಟ ಗಿಡದ ಬೇರು,” ಎಂದ ಕೆಂಚ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಆದರೆ ಕುಂಡ ಒಡೆದರೆ ಸಾಲದು, ಅಮ್ಮಣ್ಣಿ. ಸುತ್ತಿಕೊಂಡ ಬೇರನ್ನು ಬೆರಳಿಂದ ಬಿಡಿಸಿ ನೆಲಕ್ಕಿಡಬೇಕು. ಇಲ್ಲದಿದ್ದರೆ ಬಯಲಲ್ಲೂ ಅದು ಸುತ್ತುತ್ತಲೇ ಇರುತ್ತದೆ.”

ಪದ್ಮಲೆ ಹೌದೆಂದು ಅವನ ಕಡೆ ತಿರುಗಿದಳು. ಮೂರನೆಯದನ್ನು ಹೇಳುವಾಗ ಅವಳ ದನಿ ತಗ್ಗಿತ್ತು. “ಒಂದು ಮನೆಯಲ್ಲಿ ಸಾವಿರಾರು ಮಕ್ಕಳು ಬೆಳೆಯುತ್ತಾರೆ. ಎಲ್ಲರೂ ಬಿಟ್ಟು ಹೋದರೆ ಆ ಮನೆ ಗೆದ್ದಂತೆ, ಯಾರಾದರೂ ಉಳಿದುಬಿಟ್ಟರೆ ಸೋತಂತೆ. ಸಾಕಿದವರು ಯಾರ ಫಲವನ್ನೂ ಕಾಣರು. ಯಾವುದು ಆ ಮನೆ?”

ತವರುಮನೆ ಎಂದು ಹೆಂಗಸರ ಸಾಲಿನಲ್ಲಿ ಪಿಸುಮಾತೆದ್ದಿತು. ಕೆಂಚನ ನಾಲಗೆಯ ತುದಿಗೂ ಅದೇ ಬಂತು. ಆದರೆ ಮಗಳು ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಮೊಮ್ಮಗುವನ್ನು ಅಜ್ಜಿ ಎತ್ತಿಕೊಳ್ಳುತ್ತಾಳೆ. ಅವನು ತುಟಿ ಕಚ್ಚಿ ಹಿಡಿದ. ಬೇಗ ಹೇಳೆಂದು ಮಂತ್ರಿ ಗದರಿಸಿದ. ಮಳೆಗಾಲ ಬಂದಾಗಲೆಲ್ಲ ಅಣ್ಣ ಗಾಡಿ ತುಂಬ ಸಸಿ ಹೇರಿಕೊಂಡು ಹೋಗುತ್ತಿದ್ದುದು ಕೆಂಚನ ಕಣ್ಣಿಗೆ ಕಟ್ಟಿತು. ಗಾಡಿ ಮರೆಯಾಗುವವರೆಗೆ ತಾನು ಬೇಲಿಯ ಬಳಿ ನಿಲ್ಲುತ್ತಿದ್ದ, ಆಮೇಲೆ ಬರಿದಾದ ಮಡಿಗೆ ಹೊಸ ಮಣ್ಣು ತುಂಬುತ್ತಿದ್ದ. ಆ ಮರಗಳಲ್ಲಿ ಒಂದರ ಹಣ್ಣನ್ನೂ ಅವನು ತಿಂದಿರಲಿಲ್ಲ.

“ಅದು ನಾನು ದುಡಿಯುವ ಜಾಗ,” ಎಂದ. “ಸಸಿತೋಟ.”

ಸರಿ ಎಂದಳು ಪದ್ಮಲೆ. ಈ ಒಗಟುಗಳು ನಿನಗೆಲ್ಲಿ ಸಿಕ್ಕವು ಎಂದು ಅರಸ ಬೆರಗಾಗಿ ಮಗಳನ್ನು ಕೇಳಿದ. ನನ್ನ ಕಿಟಕಿಯಿಂದ ಕಾಣುವುದು ಸಸಿತೋಟವೊಂದೇ, ಚಿಕ್ಕಂದಿನಿಂದ ಅದನ್ನೇ ನೋಡುತ್ತಿದ್ದೇನೆ ಎಂದಳು.

ಬೇಕಾದ್ದನ್ನು ಕೇಳು ಎಂದ ಅರಸ ಕೆಂಚನಿಗೆ. ಕೆಂಚ ಅಣ್ಣನ ತಲೆ ಉಳಿಸಿಕೊಡಿ ಎಂದ, ಸೆರೆಯಲ್ಲಿದ್ದ ಉಳಿದವರ ತಲೆಯನ್ನೂ ಕೇಳಿದ. ಆಡಿದ ಮಾತಿಗೆ ಕಟ್ಟುಬಿದ್ದ ಅರಸ ಒಪ್ಪಲೇಬೇಕಾಯಿತು. ಮದುವೆಗೆ ಮುಹೂರ್ತ ನೋಡಲು ಜೋಯಿಸರನ್ನು ಕರೆಯ ಹೊರಟಾಗ ಕೆಂಚ ಮತ್ತೆ ಕೈಮುಗಿದ.

“ಬುದ್ಧಿ, ಅಮ್ಮಣ್ಣಿಯವರಿಗೆ ಒಪ್ಪಿಗೆಯೋ ಇಲ್ಲವೋ, ಒಂದು ಮಾತು ಕೇಳಿ.”

ಅರಸ ಮಗಳ ಕಡೆ ತಿರುಗಿದ. ಅದುವರೆಗೆ ಅವಳನ್ನು ಆ ಮಾತು ಯಾರೂ ಕೇಳಿರಲಿಲ್ಲ.

“ಒಪ್ಪಿಗೆ,” ಎಂದಳು ಪದ್ಮಲೆ. “ಆದರೆ ಕೋಟೆಯೊಳಗೆ ಇರಲಾರೆ.”

ಅರಸ ಹೊಳೆಯಾಚೆಯ ಬಯಲನ್ನು ಅವರಿಗೆ ಬಿಟ್ಟುಕೊಟ್ಟ. ಬೋರಣ್ಣ ಗಾಡಿ ಹೊಡೆದುಕೊಂಡು ಸಾಮಾನು ಸಾಗಿಸಿದ. ಮನೆಯ ಮುಂದೆ ಕೆಂಚ ಒಂದು ಮಾವಿನ ಸಸಿ ನೆಟ್ಟ. ಆದರೂ ಬೆಳೆಸಿದ್ದೆಲ್ಲ ಗಾಡಿ ಹತ್ತಿ ಹೋಗುವುದನ್ನೇ ಕಂಡಿದ್ದ ಅವನಿಗೆ ನೆಮ್ಮದಿಯಿಲ್ಲ. ಬೆಳಗಾದರೆ ಎದ್ದು ಓಡಿ, ಸಸಿ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದ.

ಬಾಗಿಲಲ್ಲಿ ನಿಂತು ಪದ್ಮಲೆ ನಗುತ್ತಿದ್ದಳು. “ಬನ್ನಿ ಒಳಗೆ. ಅದು ಇನ್ನು ಎಲ್ಲಿಗೂ ಹೋಗುವುದಿಲ್ಲ.”